ಅಜ್ಜಿಯ ಮಂಡಿಯ ಕೆಳಗಿನ ದಿಂಬು

ನಮ್ಮ ಸಂಘದ ಸಮಾರಂಭಗಳಲ್ಲಿ ಹಿರಿಯರ ಕೈಯಲ್ಲಿ ಕೋಲು ಕಂಡರೆ ‘ಮಂಡಿ ಆಪರೇಷನ್ ಆಯಿತೇ?’ ಎಂದು ಕೇಳುವುದು ಈಗ ವಾಡಿಕೆ. ಚಿಪ್ಪು ಬದಲಾಯಿಸುತ್ತಾರೆಂಬುದು ರೂಢಿಯ ಮಾತು. ವಾಸ್ತವವಾಗಿ ಸವೆದ ಕೀಲಿನ ಮೇಲ್ಮೈ ತೆಗೆದು ಲೋಹ, ಪ್ಲಾಸ್ಟಿಕ್ಕಿನ ಹೊದಿಕೆ ಕೂರಿಸುತ್ತಾರೆ. ಡಾಕ್ಟರರ ಕೆಲಸ ಒಂದೆರಡು ಗಂಟೆಯದು. ಆಮೇಲಿನ ತಿಂಗಳುಗಳ ಕೆಲಸ ಮನೆಯವರದು. ಆ ಮನೆಯವರಲ್ಲಿ, ಯುವಮಿತ್ರರೇ, ನೀವೂ ಇದ್ದೀರಿ.

2 ವರ್ಷಗಳ ಹಿಂದೆ ನಮ್ಮ ಅತ್ತೆಯವರು ಆಸ್ಪತ್ರೆಯಿಂದ ಡೊಂಬಿವಲಿಯ ಮನೆಗೆ ಬಂದಾಗ ನಾನು ಮಾಡಿದ ಮೊದಲ ಉಪಚಾರವೇ ತಪ್ಪಾಗಿತ್ತು. ನೋವೆಂದರು, ಮಂಡಿಯ ಕೆಳಗೆ ಮೆತ್ತನೆಯ ದಿಂಬು ಇಟ್ಟೆ. ಅವರಿಗೆ ಹಾಯೆನಿಸಿತು, ನನಗೂ ಸಮಾಧಾನ. ನೀರು, ಊಟ, ಕನ್ನಡಕ ಎಲ್ಲವನ್ನೂ ಮಂಚಕ್ಕೇ ಒದಗಿಸಿದೆ. 6ನೆಯ ದಿನ ಬಂದ ಫಿಸಿಯೋಥೆರಪಿಯ ಹುಡುಗಿ ದಿಂಬು ಕಿತ್ತು ಪಕ್ಕಕ್ಕಿಟ್ಟಳು. ಹೀಗೆಯೇ ಬಿಟ್ಟರೆ ಕಾಲು ಬಾಗಿಯೇ ಉಳಿದೀತು, ಪೂರ್ತಿ ನೇರವಾಗದಿದ್ದರೆ ನಡಿಗೆ ಕುಂಟಾದೀತು ಎಂದಳು. ಮಡಿಸಿದ ಟವೆಲ್ಲನ್ನು ಹಿಮ್ಮಡಿಯ ಕೆಳಗಿಟ್ಟು, ಮಂಡಿಗೆ ಆಸರೆಯಿಲ್ಲದಂತೆ ಮಲಗಿಸಿದಳು. ಅತ್ತೆ ನನ್ನತ್ತ ನೋಡಿದ ನೋಟ ಇನ್ನೂ ಮರೆತಿಲ್ಲ.

ಅಂದಿನಿಂದ ವ್ಯಾಯಾಮದ ಉಸ್ತುವಾರಿಯನ್ನು ಕಾಲೇಜಿಗೆ ಹೋಗುವ ಮಗ ವಹಿಸಿಕೊಂಡ. ನನ್ನಿಂದ ಆಗುತ್ತಿರಲಿಲ್ಲ, ಅವರು ‘ಅಯ್ಯೋ’ ಎಂದ ಕೂಡಲೇ ನಿಲ್ಲಿಸಿಬಿಡುತ್ತಿದ್ದೆ. ಅವನು ಡಾಕ್ಟರರು ಹೇಳಿದಂತೆ ನೋವಿನ ಮಾತ್ರೆ ಕೊಟ್ಟು, ಅರ್ಧ ಗಂಟೆ ಬಿಟ್ಟು ‘ಅಜ್ಜಿ, ಮಂಡಿ ಹಾಸಿಗೆಗೆ ಒತ್ತು, ಐದು ಎಣಿಸೋವರೆಗೆ ಹಿಡಿ’ ಎನ್ನುವನು. ಬಳಿಕ ಬಟ್ಟೆಯಲ್ಲಿ ಸುತ್ತಿದ ಐಸು. ವಾಕರ್ ಹಿಡಿದು ನಡೆಯುವಾಗ ಹೆಜ್ಜೆ ಎಣಿಸುವವನೂ ಅವನೇ. ಇಪ್ಪತ್ತು ದಾಟಿದರೆ ಕನ್ನಡ ಬಾರದೆ ಮರಾಠಿಗೆ ಜಾರುತ್ತಿದ್ದ. ಅತ್ತೆ ನಿಂತು ತಿದ್ದಿ, ಮುಂದಿನ ಹೆಜ್ಜೆ ಇಡುತ್ತಿದ್ದರು.

ಮನೆಯಲ್ಲಿ ಕಾಲಿಗೆ ತೊಡರುವ ಕಾಲೊರೆಸು, ವೈರು ಎತ್ತಿಡಿ. ಕಮೋಡು ತಗ್ಗಾಗಿದ್ದರೆ ಮೇಲೆ ಇಡುವ ಎತ್ತರದ ಸೀಟು ಸಿಗುತ್ತದೆ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಇನ್ನು ನಮ್ಮವರ ಎಣ್ಣೆ ತಿಕ್ಕುವ ಚಪಲ! ಮೀನಖಂಡದಲ್ಲಿ ಹೊಸದಾಗಿ ನೋವು, ಬಾವು ಕಂಡರೆ ತಿಕ್ಕಲೇಬೇಡಿ. ರಕ್ತ ಹೆಪ್ಪುಗಟ್ಟಿರಬಹುದು, ಅಂದೇ ಡಾಕ್ಟರರಿಗೆ ತೋರಿಸಿ. ಗಾಯದಲ್ಲಿ ಕೀವು, ಜ್ವರ ಕಂಡರೂ ಅಷ್ಟೇ. ಎದೆನೋವು ಬಂದರೆ, ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

3ನೆಯ ತಿಂಗಳು ಅತ್ತೆ ಗೇಟಿನವರೆಗೆ ಒಬ್ಬರೇ ಹೋಗಿಬಂದರು. ನೆಲದ ಮೇಲೆ ಕುಳಿತು ರಂಗೋಲಿ ಹಾಕುವುದು ಬೇಡವೆಂದಿದ್ದಾರೆ ಡಾಕ್ಟರರು. ಆ ಸಿಟ್ಟು ಇನ್ನೂ ಇಳಿದಿಲ್ಲ. ಮಗ ಈಗ ಕನ್ನಡದಲ್ಲಿ ನೂರರವರೆಗೆ ಎಣಿಸುತ್ತಾನೆ, ಎಪ್ಪತ್ತೊಂಬತ್ತರಲ್ಲಿ ಮಾತ್ರ ಎಡವುತ್ತಾನೆ.