ಚಳಿಯಲ್ಲಿ ಕುಳಿತು ಮಳೆಕಾಡಿಗೆ ಸಿದ್ಧತೆ

ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರಿನಲ್ಲಿ ಹಿಮ ಬೀಳುವುದಿಲ್ಲವೆಂಬುದು ನಿಜ. ಆದರೆ ಪುಷ್ಯಮಾಸದ ಬೆಳಗಿನಲ್ಲಿ ಮಾವಿನ ತೋಪುಗಳ ಮೇಲೆ ಕವಿಯುವ ಮಂಜನ್ನೂ ಕಂಬಳಿಯೊಳಕ್ಕೆ ನುಗ್ಗುವ ಗಾಳಿಯನ್ನೂ ಬಲ್ಲವರು ಅದನ್ನು ಅಲ್ಪವೆಂದೆಣಿಸಲಾರರು. ಈ ಚಳಿಯಲ್ಲಿ ಕುಳಿತು ನಾವು ಆಗುಂಬೆಯ ಕಾಡಿಗಾಗಿ ಗಂಟುಮೂಟೆ ಕಟ್ಟುತ್ತಿದ್ದೇವೆ. ಕೋಲಾರದ ಬಯಲಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿಲಿಮೀಟರು. ಆಗುಂಬೆಯಲ್ಲಿ ಅದರ ಹತ್ತರಷ್ಟು.

ನಾವು ನೋಡಬಯಸಿರುವುದು ಕಾಳಿಂಗ ಸರ್ಪವನ್ನು. ಮಾರ್ಚಿಯಿಂದ ಮೇ ವರೆಗೆ ಅದು ಜೊತೆಗೂಡುವ ಕಾಲ. ಗಂಡುಗಳು ಹೆಣ್ಣಿನ ಜಾಡು ಹಿಡಿದು ಅಲೆಯುತ್ತವೆ. ಬಳಿಕ ಹೆಣ್ಣು ತರಗೆಲೆಗಳನ್ನು ರಾಶಿಮಾಡಿ ಗೂಡು ಕಟ್ಟುತ್ತದೆ. ಹಾವುಗಳಲ್ಲಿ ಇದು ಅಪೂರ್ವವಾದ ಸಂಗತಿ. 2005ರಲ್ಲಿ ರೋಮುಲಸ್ ವಿಟೇಕರ್ ಅವರು ಅಲ್ಲಿ ಸ್ಥಾಪಿಸಿದ ಸಂಶೋಧನಾ ಕೇಂದ್ರದವರು ಈ ಹಾವುಗಳಿಗೆ ಪುಟ್ಟ ರೇಡಿಯೊ ಅಳವಡಿಸಿ ಅವುಗಳ ತಿರುಗಾಟವನ್ನು ಗುರುತಿಸಿದ್ದಾರೆ.

"ಹಾವು ಕಚ್ಚಿದರೆ ಗತಿಯೇನು?" ಎಂದು ಊರಿನವರು ಕೇಳುತ್ತಾರೆ. ನಮ್ಮ ಅಂಜಿಕೆ ಬೇರೆ. ಮಳೆಯಿಲ್ಲದ ಆ ತಿಂಗಳುಗಳಲ್ಲಿ ಇಂಬಳದ ಕಾಟ ಕಡಮೆಯೇನೋ ಸರಿ. ಆದರೆ ಉಣ್ಣೆಯ ಮರಿಗಳಿಗೆ ಅದೇ ಸುಗ್ಗಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು. ಸುತ್ತಣ ಹಳ್ಳಿಯವರು ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪರೀಕ್ಷಿಸಲಾಗಿ, ಅದುವರೆಗೆ ಯಾರೂ ಅರಿಯದ ವೈರಸ್ಸೊಂದು ಬೆಳಕಿಗೆ ಬಂದಿತು. ಮಂಗನ ಕಾಯಿಲೆಯೆಂದು ಜನ ಕರೆಯುವ ಈ ರೋಗವನ್ನು ಮನುಷ್ಯರಿಗೆ ಅಂಟಿಸತಕ್ಕದ್ದು ಎಳ್ಳುಕಾಳಿಗಿಂತಲೂ ಕಿರಿದಾದ ಆ ಮರಿಯೇ. ಕಚ್ಚಿದುದು ಎಷ್ಟೋ ವೇಳೆ ತಿಳಿಯುವುದೇ ಇಲ್ಲ. ರೋಗಕ್ಕೆಂದೇ ಮೀಸಲಾದ ಔಷಧವೂ ಇಲ್ಲ.

ಆದುದರಿಂದ ನಮ್ಮ ಗಂಟಿನಲ್ಲಿ ದುರ್ಬೀನಿಗಿಂತ ಮೊದಲು ಸೇರಿದ್ದು ತಿಳಿಬಣ್ಣದ ಉದ್ದ ಷರಾಯಿಗಳು, ಅವುಗಳ ಅಂಚನ್ನು ಒಳಸೇರಿಸುವಷ್ಟು ಎತ್ತರದ ಕಾಲುಚೀಲಗಳು ಮತ್ತು ಕೈಕಾಲಿಗೆ ಸವರುವ ಡೀಪಾ ತೈಲ. (ಬರೆಯಲು ಪೆನ್ಸಿಲೇ ಲೇಸು, ಒದ್ದೆ ಕೈ ತಾಗಿದರೆ ಶಾಯಿ ಹರಡುತ್ತದೆ.) ತರಗೆಲೆಯ ಮೇಲೆ ಕೂರಬಾರದು, ಸತ್ತ ಮಂಗದ ಬಳಿಗೆ ಸುಳಿಯಬಾರದು, ಸಂಜೆ ಬಿಸಿನೀರು ಸಾಬೂನಿನಿಂದ ಮಿಂದು ಮೈಯೆಲ್ಲ ಹುಡುಕಿಕೊಳ್ಳಬೇಕು.

ಡಾರ್ವಿನ್ 1831ರ ಚಳಿಗಾಲದಲ್ಲಿ ಹಡಗು ಹೊರಡಲೆಂದು ಪ್ಲಿಮತ್ ಬಂದರಿನಲ್ಲಿ ಎರಡು ತಿಂಗಳು ಕಾದು ಬೇಸತ್ತನು. ಡಿಸೆಂಬರ್ 27ರಂದು ಹೊರಟವನು ಬ್ರೆಜಿಲಿನ ಕಾಡನ್ನು ಕಂಡದ್ದು ಫೆಬ್ರವರಿಯ ಕೊನೆಗೆ. ನಮಗೋ, ಬಸ್ಸಿನಲ್ಲಿ ಒಂದು ರಾತ್ರಿ ಕಳೆದರೆ ಆಯಿತು. ತೊಡಕು ಇರುವುದೂ ಈ ವೇಗದಲ್ಲಿಯೇ. ಉಣ್ಣೆ ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಜ್ವರ ಕಾಣಿಸುತ್ತದೆ. ಅಷ್ಟರೊಳಗೆ ನಾವು 400 ಕಿಲೋಮೀಟರಿಗೂ ಹೆಚ್ಚು ದೂರ ಬಂದು ಯಲ್ದೂರಿನ ಮನೆಯಲ್ಲಿರುತ್ತೇವೆ. ಬಯಲುಸೀಮೆಯ ವೈದ್ಯರಿಗೆ ಮಲೆನಾಡಿನ ರೋಗದ ಅನುಮಾನ ಬರಲು ಕಾರಣವಾದರೂ ಏನು? ಹೀಗೆಂದೇ ಕಾಡಿಗೆ ಕಾಲಿಟ್ಟ ದಿನ, ಬಿಟ್ಟ ದಿನ, ತಿರುಗಾಡಿದ ಸ್ಥಳ ಇವುಗಳನ್ನು ಬರೆಯಲು ಒಬ್ಬೊಬ್ಬರಿಗೂ ಒಂದೊಂದು ಕಾರ್ಡನ್ನು ಸಿದ್ಧಪಡಿಸಿದ್ದೇವೆ. ಹಿಂದಿರುಗಿದ ಮೇಲೆ ಎರಡು ವಾರ ಅದು ಅಂಗಿಯ ಜೇಬಿನಲ್ಲಿಯೇ ಇರತಕ್ಕದ್ದು. ಜ್ವರ ಬಂದರೆ ನಾಡಿ ನೋಡುವ ಮೊದಲೇ ಅದನ್ನು ವೈದ್ಯರ ಕೈಗೆ ಕೊಡತಕ್ಕದ್ದು.