ಮೈಕ್ರೋಪ್ರೊಸೆಸರ್: ತಂತ್ರಜ್ಞಾನದ ಬೆಳವಣಿಗೆ ಮತ್ತು ಒಪ್ಪಂದಗಳ ಪಾತ್ರ

ಅಂಗಡಿಯ ಎಲೆಕ್ಟ್ರಾನಿಕ್ ತೂಕದ ಯಂತ್ರ, ಬಿಲ್ ಮುದ್ರಿಸುವ ಯಂತ್ರ, ಕಾರ್ಖಾನೆಯ ಸಿ.ಎನ್.ಸಿ. ಲೇತ್ ಇವೆಲ್ಲವುಗಳ ಒಳಗೆ ಲೆಕ್ಕ ಮಾಡಿ ಆಜ್ಞೆ ನೀಡುವ ಪುಟ್ಟ ಸಿಲಿಕಾನ್ ಚಿಪ್ ಇರುತ್ತದೆ. ಅದು ಮೈಕ್ರೋಪ್ರೊಸೆಸರ್ ಇಲ್ಲವೇ ಅದನ್ನೇ ಒಳಗೊಂಡ ಮೈಕ್ರೋಕಂಟ್ರೋಲರ್. ಇದರ ಇತಿಹಾಸವನ್ನು ವೇಗದ ಇತಿಹಾಸವೆಂದು ವರ್ಣಿಸುವುದು ವಾಡಿಕೆ. ಆದರೆ ವಿನ್ಯಾಸದ ಹಕ್ಕು ಯಾರಲ್ಲಿ ಉಳಿಯಿತು, ಸರಕು ಪೂರೈಸಬಲ್ಲವರು ಎಷ್ಟು ಮಂದಿ ಇದ್ದರು ಎಂಬ ಪ್ರಶ್ನೆಗಳೂ ಈ ಉದ್ಯಮದ ಗತಿಯನ್ನು ನಿರ್ಧರಿಸಿವೆ.

ಕ್ಯಾಲ್ಕುಲೇಟರಿಗಾಗಿ ಬಂದ ಬೇಡಿಕೆ

1969ರಲ್ಲಿ ಜಪಾನಿನ ಕ್ಯಾಲ್ಕುಲೇಟರ್ ತಯಾರಕ ಸಂಸ್ಥೆ ಬಿಸಿಕಾಂ, ತನ್ನ ಯಂತ್ರಗಳಿಗೆ ಬೇಕಾದ ವಿಶೇಷ ಚಿಪ್‌ಗಳಿಗಾಗಿ ಅಮೆರಿಕದ ಇಂಟೆಲ್ ಸಂಸ್ಥೆಯನ್ನು ಸಂಪರ್ಕಿಸಿತು. ಒಂದೊಂದು ಕೆಲಸಕ್ಕೆ ಒಂದೊಂದು ಚಿಪ್ ರೂಪಿಸುವುದು ದುಬಾರಿಯೆಂದು ಕಂಡ ಇಂಟೆಲ್‌ನ ಟೆಡ್ ಹಾಫ್, ಬೇರೊಂದು ಮಾರ್ಗ ಸೂಚಿಸಿದರು. ಸ್ಮರಣಕೋಶದಲ್ಲಿ ಬರೆದಿಟ್ಟ ಆಜ್ಞೆಗಳನ್ನು ಒಂದೊಂದಾಗಿ ಓದಿ ನಡೆಸುವ ಸಾಮಾನ್ಯೋಪಯೋಗಿ ಚಿಪ್ ಒಂದಿದ್ದರೆ ಸಾಕು. ಕೆಲಸ ಬದಲಾದಾಗ ಚಿಪ್ ಬದಲಿಸಬೇಕಿಲ್ಲ, ಆಜ್ಞೆಗಳನ್ನು ಬದಲಿಸಿದರಾಯಿತು. ಫೆಡೆರಿಕೊ ಫಾಜಿನ್ ಅವರು ಬಿಸಿಕಾಂನ ಮಸಾತೋಶಿ ಶಿಮಾ ಅವರ ನೆರವಿನೊಂದಿಗೆ ಈ ಕಲ್ಪನೆಯನ್ನು ಕಾರ್ಯರೂಪಕ್ಕೆ ತಂದರು. 1971ರ ನವೆಂಬರಿನಲ್ಲಿ ಮಾರುಕಟ್ಟೆಗೆ ಬಂದ ಇಂಟೆಲ್ 4004ರಲ್ಲಿ ಸುಮಾರು 2,300 ಟ್ರಾನ್ಸಿಸ್ಟರುಗಳಿದ್ದವು.

ಇದಕ್ಕೂ ಮುನ್ನ ನಡೆದ ವ್ಯವಹಾರ ಗಮನಾರ್ಹವಾದುದು. ಮೂಲ ಒಪ್ಪಂದದಂತೆ ಈ ಚಿಪ್‌ನ ಹಕ್ಕು ಬಿಸಿಕಾಂಗೆ ಸೇರಿತ್ತು. ಕ್ಯಾಲ್ಕುಲೇಟರ್ ಪೇಟೆಯಲ್ಲಿ ಪೈಪೋಟಿ ಹೆಚ್ಚಿ ಬಿಸಿಕಾಂ ದರ ಇಳಿಸುವಂತೆ ಕೇಳಿದಾಗ, ಇಂಟೆಲ್ ಅದಕ್ಕೆ ಒಪ್ಪಿ, ಬಿಸಿಕಾಂ ನೀಡಿದ್ದ 60,000 ಡಾಲರನ್ನು ಹಿಂದಿರುಗಿಸಿ, ಕ್ಯಾಲ್ಕುಲೇಟರ್ ಹೊರತಾದ ಉಪಯೋಗಗಳಿಗೆ ಚಿಪ್ ಮಾರುವ ಹಕ್ಕನ್ನು ಪಡೆಯಿತು. ಕೆಲವೇ ವರ್ಷಗಳಲ್ಲಿ ಬಿಸಿಕಾಂ ದಿವಾಳಿಯಾಯಿತು. ತಕ್ಷಣದ ರಿಯಾಯಿತಿಗಾಗಿ ಬಿಟ್ಟುಕೊಟ್ಟ ಹಕ್ಕು, ಕೊಂಡವರ ಪಾಲಿಗೆ ಬಹುದೊಡ್ಡ ಉದ್ಯಮದ ಅಡಿಪಾಯವಾಯಿತು.

ಬೆಲೆ ಇಳಿಕೆ ಮತ್ತು ಎರಡನೆಯ ಪೂರೈಕೆದಾರ

1974ರಲ್ಲಿ ಬಂದ ಇಂಟೆಲ್ 8080ರ ಆರಂಭದ ಬೆಲೆ 360 ಡಾಲರ್. ಮರುವರ್ಷವೇ ಮಾಸ್ ಟೆಕ್ನಾಲಜಿ ಸಂಸ್ಥೆಯು 6502 ಚಿಪ್ಪನ್ನು 25 ಡಾಲರಿಗೆ ಮಾರಾಟಕ್ಕಿಟ್ಟಿತು. ಈ ಬೆಲೆ ಇಳಿಕೆಯೇ ಆಪಲ್ ಮೊದಲಾದ ಸಣ್ಣ ಸಂಸ್ಥೆಗಳು ಗೃಹೋಪಯೋಗಿ ಕಂಪ್ಯೂಟರ್ ತಯಾರಿಕೆಗೆ ಇಳಿಯಲು ದಾರಿಮಾಡಿತು.

1981ರಲ್ಲಿ ಐ.ಬಿ.ಎಂ. ತನ್ನ ಪರ್ಸನಲ್ ಕಂಪ್ಯೂಟರಿಗೆ ಇಂಟೆಲ್ 8088ನ್ನು ಆರಿಸಿಕೊಂಡಿತು. ಆದರೆ ಏಕೈಕ ಪೂರೈಕೆದಾರನನ್ನು ನೆಚ್ಚಿಕೊಳ್ಳಲು ಅದು ಸಿದ್ಧವಿರಲಿಲ್ಲ. ಈ ಹಿನ್ನೆಲೆಯಲ್ಲಿ 1982ರಲ್ಲಿ ಇಂಟೆಲ್ ಮತ್ತು ಎ.ಎಂ.ಡಿ. ನಡುವೆ ಒಪ್ಪಂದವಾಗಿ, ಅದೇ ವಿನ್ಯಾಸವನ್ನು ತಯಾರಿಸುವ ಅವಕಾಶ ಎ.ಎಂ.ಡಿ.ಗೂ ದೊರೆಯಿತು. 1985ರ 80386 ಚಿಪ್ಪಿನ ವಿನ್ಯಾಸವನ್ನು ಹಂಚಿಕೊಳ್ಳಲು ಇಂಟೆಲ್ ಒಪ್ಪದಿದ್ದಾಗ ಇಬ್ಬರ ನಡುವೆ ವರ್ಷಗಟ್ಟಲೆ ವ್ಯಾಜ್ಯ ನಡೆಯಿತು. ಎ.ಎಂ.ಡಿ. 1991ರಲ್ಲಿ ತನ್ನದೇ 386 ಚಿಪ್ಪನ್ನು ಹೊರತಂದು ಪೈಪೋಟಿಯನ್ನು ಉಳಿಸಿತು.

ಕಾರ್ಖಾನೆಯಿಲ್ಲದ ಉದ್ಯಮ

ಬ್ರಿಟನ್ನಿನ ಏಕಾರ್ನ್ ಸಂಸ್ಥೆಯಲ್ಲಿ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ 1985ರಲ್ಲಿ ಆರ್ಮ್ ಚಿಪ್ಪನ್ನು ರೂಪಿಸಿದರು. 1990ರಲ್ಲಿ ಇದಕ್ಕಾಗಿಯೇ ಪ್ರತ್ಯೇಕ ಸಂಸ್ಥೆ ಸ್ಥಾಪನೆಯಾಯಿತು. ಅದು ಚಿಪ್ ತಯಾರಿಸುವ ಬದಲು, ವಿನ್ಯಾಸಕ್ಕೆ ಪರವಾನಗಿ ನೀಡಿ ಶುಲ್ಕ ಮತ್ತು ರಾಯಲ್ಟಿ ಪಡೆಯುವ ಮಾರ್ಗ ಹಿಡಿಯಿತು. ಕಡಿಮೆ ವಿದ್ಯುತ್ ಬಳಸುವ ಈ ವಿನ್ಯಾಸ ಮೊಬೈಲ್ ಫೋನುಗಳ ಕ್ಷೇತ್ರವನ್ನು ಆವರಿಸಿತು. ಇತ್ತ 1987ರಲ್ಲಿ ತೈವಾನಿನಲ್ಲಿ ಆರಂಭವಾದ ಟಿ.ಎಸ್.ಎಂ.ಸಿ., ಬೇರೆಯವರ ವಿನ್ಯಾಸಗಳನ್ನು ತಯಾರಿಸಿಕೊಡುವುದನ್ನೇ ವೃತ್ತಿಯಾಗಿಸಿಕೊಂಡಿತು.

2004ರ ಸುಮಾರಿಗೆ ಚಿಪ್‌ಗಳ ವೇಗ ಹೆಚ್ಚಿಸಿದಂತೆ ಬಿಸಿಯೂ ಏರಿ, ಹಳೆಯ ಮಾರ್ಗ ಮುಚ್ಚಿತು. ಒಂದೇ ಚಿಪ್ಪಿನಲ್ಲಿ ಎರಡು, ನಾಲ್ಕು ಸಂಸ್ಕರಣ ಘಟಕಗಳನ್ನಿಡುವ ಕ್ರಮ ಬಂದಿತು. 2008ರಲ್ಲಿ ಇಂಟೆಲ್ ಹೊರತಂದ ಆರು ಘಟಕಗಳ ಕ್ಸಿಯಾನ್ 7400 ಚಿಪ್‌ನ ವಿನ್ಯಾಸ ನಡೆದದ್ದು ಬೆಂಗಳೂರಿನಲ್ಲಿ. ಆದರೆ ವಿನ್ಯಾಸ ಒಂದೆಡೆ, ತಯಾರಿಕೆ ಮತ್ತೊಂದೆಡೆ ಎಂಬ ವ್ಯವಸ್ಥೆಯ ಅಪಾಯವೂ ಮುಂದೆ ಬಯಲಾಯಿತು. 2020ರ ಆರಂಭದಲ್ಲಿ ಕಾರು ತಯಾರಕರು ಬೇಡಿಕೆ ತಗ್ಗಿಸಿದಾಗ, ಚಿಪ್ ಕಾರ್ಖಾನೆಗಳು ಬೇರೆ ಗ್ರಾಹಕರ ಕೆಲಸ ಹಿಡಿದವು. ಕಾರಿನ ಮಾರಾಟ ಚೇತರಿಸಿಕೊಂಡಾಗ ಚಿಪ್ ಸಿಗಲಿಲ್ಲ. 2021ರಲ್ಲಿ ಭಾರತದ ತಯಾರಕರೂ ಉತ್ಪಾದನೆ ಕಡಿತಗೊಳಿಸಬೇಕಾಯಿತು.

ಉದ್ಯಮಿಗಳು ಗಮನಿಸಬೇಕಾದ ಅಂಶಗಳು

ದೊಡ್ಡ ಸಂಸ್ಥೆಗಳಿಗೆ ಒದಗಿದ ಈ ಪರಿಸ್ಥಿತಿಯೇ ಸಣ್ಣ ಪ್ರಮಾಣದಲ್ಲಿ ಪ್ರತಿ ಕಾರ್ಖಾನೆಗೂ ಒದಗಬಹುದು. ಯಂತ್ರದ ಕಬ್ಬಿಣದ ಭಾಗ ಇಪ್ಪತ್ತು ವರ್ಷ ಬಾಳಿದರೂ, ಅದರ ನಿಯಂತ್ರಣ ಕಾರ್ಡಿನಲ್ಲಿರುವ ಚಿಪ್‌ನ ತಯಾರಿಕೆ ಅದಕ್ಕೂ ಮೊದಲೇ ನಿಲ್ಲಬಹುದು. ಆದುದರಿಂದ ಯಂತ್ರ ಕೊಳ್ಳುವಾಗ, ಬಿಡಿ ಕಾರ್ಡು ಎಷ್ಟು ವರ್ಷ ದೊರೆಯುತ್ತದೆ ಎಂಬುದನ್ನು ಲಿಖಿತವಾಗಿ ಪಡೆಯುವುದು ಲೇಸು. ಚಿಪ್ ಆಧಾರಿತ ಉಪಕರಣ ತಯಾರಿಸುವವರು, ಬೇರೊಬ್ಬ ತಯಾರಕರ ಹೊಂದಾಣಿಕೆಯ ಚಿಪ್ ಉಂಟೇ ಎಂದು ವಿನ್ಯಾಸದ ಹಂತದಲ್ಲೇ ವಿಚಾರಿಸಬೇಕು. ಪ್ರೋಗ್ರಾಮನ್ನು ಹೊರಗಿನವರಿಂದ ಬರೆಸಿದಲ್ಲಿ ಅದರ ಮೂಲಪ್ರತಿ ಮತ್ತು ಹಕ್ಕು ಯಾರಿಗೆ ಸೇರಬೇಕೆಂಬುದು ಒಪ್ಪಂದದಲ್ಲಿ ಸ್ಪಷ್ಟವಾಗಿರಬೇಕು. ಬಿಸಿಕಾಂ ಬಿಟ್ಟುಕೊಟ್ಟದ್ದೂ, ಐ.ಬಿ.ಎಂ. ಮುಂಚಿತವಾಗಿಯೇ ಭದ್ರಪಡಿಸಿಕೊಂಡದ್ದೂ ಒಪ್ಪಂದದ ಇಂಥ ಷರತ್ತುಗಳ ಮೂಲಕವೇ.