ಸುಲಭ ಬೇಕಾ, ಶಕ್ತಿ ಬೇಕಾ? ಕನ್ನಡ ಟೈಪಿಂಗ್ ಹೇಳೋ ಪಾಠ

ಬಳ್ಳಾರಿ, ಸಿರುಗುಪ್ಪ, ಕುರುಗೋಡು, ಯಾವ ಊರಿನ ಡಿಟಿಪಿ ಅಂಗಡಿಗೆ ಹೋದ್ರೂ ಎರಡು ಹೆಸರು ಕೇಳ್ತೀರಿ: ನುಡಿ ಮತ್ತು ಬರಹ. ಬರೆಯೋ ತಂತ್ರಾಂಶ ಸರಳವಾಗಿರಬೇಕಾ, ಶಕ್ತಿಶಾಲಿ ಆಗಿರಬೇಕಾ ಅನ್ನೋ ಪ್ರಶ್ನೆಗೆ ಇವೆರಡೂ ಬೇರೆ ಬೇರೆ ಉತ್ತರ ಕೊಟ್ಟಿವೆ.

1998ರಲ್ಲಿ ಶೇಷಾದ್ರಿವಾಸು ಅವರು ತಂದ ‘ಬರಹ’ದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರಣೆ ಒತ್ತಿದ್ರೆ ಕನ್ನಡ ಮೂಡುತ್ತೆ. ಮೊದಲ ದಿನವೇ ಬರೀಬಹುದು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿರೋದು ಕೆ.ಪಿ. ರಾವ್ ಅವರ ಕೀಲಿ ವಿನ್ಯಾಸ. ಇಲ್ಲಿ ‘ಡ’ ಬೇಕಂದ್ರೆ ಡಬ್ಲ್ಯೂ, ಒತ್ತಕ್ಷರಕ್ಕೆ ನಡುವೆ ಎಫ್. ಕಲೀಲಿಕ್ಕೆ ಸ್ವಲ್ಪ ದಿನ ಬೇಕು. ಆದ್ರೆ ಲೆಕ್ಕ ನೋಡ್ರಿ: ‘ಕನ್ನಡ’ ಅನ್ನೋ ಪದಕ್ಕೆ ಬರಹ ಪದ್ಧತೀಲಿ 7 ಕೀಲಿ, ನುಡೀಲಿ ಕೆ, ಎನ್, ಎಫ್, ಎನ್, ಡಬ್ಲ್ಯೂ, ಬರೀ 5. ದಿನಕ್ಕೆ ಹತ್ತಾರು ಪುಟ ಟೈಪ್ ಮಾಡೋರಿಗೆ ಇದು ದೊಡ್ಡ ಉಳಿತಾಯ.

ಹಾಗಾದ್ರೆ ಎರಡೂ ಒಟ್ಟಿಗೆ ಸಿಗಲ್ವಾ? ನಾನು ಕಾಮರ್ಸ್ ಓದಿದವನು, ಟ್ಯಾಲಿ ಉದಾಹರಣೆ ಕೊಡ್ತೀನಿ. ಹೊಸಬರು ಮೌಸ್ ಹಿಡಿದು ಪೇಮೆಂಟ್ ಎಂಟ್ರಿ ಹುಡುಕ್ತಾರೆ. ಆ ಬಟನ್ ಪಕ್ಕದಲ್ಲೇ ಎಫ್5 ಅಂತ ಬರೆದಿರುತ್ತೆ. ನಾಲ್ಕು ದಿನ ನೋಡಿದ್ರೆ ಬೆರಳು ತಾನಾಗೇ ಅಲ್ಲಿಗೆ ಹೋಗುತ್ತೆ. ಒಳ್ಳೆ ಎಡಿಟರ್ ಮಾಡಬೇಕಾದದ್ದು ಇಷ್ಟೇ: ಶಕ್ತೀನ ತೆಗೆದುಹಾಕಬಾರದು, ಎದುರಿಗೆ ರಾಶಿ ಹಾಕಲೂಬಾರದು, ದಾರಿ ತೋರಿಸಬೇಕು.

ಇನ್ನೊಂದು ಮಾತು, ಇದು ನಮ್ಮ ಜೇಬಿಗೆ ತಾಗೋದು. ಸಿರುಗುಪ್ಪದ ರೈತರೊಬ್ಬರು ಭತ್ತದ ಬೆಳೆ ಪರಿಹಾರಕ್ಕೆ ಅರ್ಜಿ ಟೈಪ್ ಮಾಡಿಸಿ, ಫೈಲನ್ನ ವಾಟ್ಸಾಪ್‌ನಲ್ಲಿ ಕಳಿಸಿದ್ರು ಅನ್ಕೊಳ್ಳಿ. ಮೊಬೈಲ್‌ನಲ್ಲಿ ತೆರೆದ್ರೆ ಕನ್ನಡದ ಬದಲು ಅರ್ಥವಿಲ್ಲದ ಗುರುತುಗಳು! ಕಾರಣ, ಹಳೆಯ ಫಾಂಟ್‌ಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ಆಕಾರ ಕೂರಿಸಿರ್ತವೆ. ಆ ಫಾಂಟ್ ಇಲ್ಲದ ಕಡೆ ಬಣ್ಣ ಬಯಲಾಗುತ್ತೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಸ್ವಂತ ಸಂಕೇತ ಇರೋದ್ರಿಂದ ಎಲ್ಲಿ ತೆರೆದ್ರೂ ಕನ್ನಡವೇ; ಹುಡುಕಿದ್ರೂ ಸಿಗುತ್ತೆ. ನುಡಿ, ಬರಹ ಎರಡರಲ್ಲೂ ಯೂನಿಕೋಡ್ ಬಂದಿದೆ. ಆದ್ರೆ ಆಯ್ಕೆ ಮಾಡಬೇಕಾದವರು ಟೈಪ್ ಮಾಡೋರು. ನನ್ನ ಪ್ರಕಾರ ಇಂಥ ಆಯ್ಕೆಯನ್ನ ಬಳಕೆದಾರರ ತಲೆಗೆ ಕಟ್ಟಲೇಬಾರದು, ತಂತ್ರಾಂಶವೇ ಮೊದಲೇ ಯೂನಿಕೋಡ್ ಇಟ್ಟಿರಬೇಕು.

ಅಲ್ಲೀತನಕ ಅಂಗಡೀಲಿ ಒಂದು ಮಾತು ಕೇಳ್ರಿ: “ಅಣ್ಣಾ, ಯೂನಿಕೋಡ್‌ನಲ್ಲಿ ಮಾಡಿಕೊಡ್ರಿ.” ಆಗಲ್ಲ ಅಂದ್ರೆ ಪಿಡಿಎಫ್ ಆದ್ರೂ ತಗೊಳ್ರಿ. ಮುಂದಿನ ಸಂಚಿಕೇಲಿ ಸಿಗೋಣ.